ಕಾಯುವುದಕ್ಕೆ ಕೊಟ್ಟ ಶುಲ್ಕ: ಮೈಸೂರಿನ ಒಂದು ವಾಕ್ ಚಿಕಿತ್ಸಾಲಯದಲ್ಲಿ ಎಂಟು ತಿಂಗಳು

ಕಳೆದ ಎಂಟು ತಿಂಗಳಲ್ಲಿ ಮೈಸೂರಿನ ಸರಸ್ವತಿಪುರಂನ ಒಂದು ಪುಟ್ಟ ವಾಕ್ ಚಿಕಿತ್ಸಾಲಯಕ್ಕೆ 26 ಬಾರಿ ಹೋಗಿ ಬಂದಿದ್ದೇನೆ. ಔಷಧದಂಗಡಿಯ ಮೇಲಿನ ಎರಡು ಕೋಣೆಗಳು, ಕಡಿದಾದ ಮೆಟ್ಟಿಲು, ಒಬ್ಬರೇ ಚಿಕಿತ್ಸಕಿ, ಮುಕ್ಕಾಲು ಗಂಟೆಯ ಒಂದು ಸೆಷನ್ನಿಗೆ 700 ರೂಪಾಯಿ. ಈಗ ಬರುತ್ತಿರುವವರಿಗೇ ಸಮಯ ಹೊಂದಿಸಲು ಆಗುತ್ತಿಲ್ಲ, ದಯವಿಟ್ಟು ಹೆಸರು ಹಾಕಬೇಡಿ ಎಂದು ಅವರು ಕೇಳಿಕೊಂಡದ್ದರಿಂದ ಹೆಸರನ್ನು ಬಿಟ್ಟಿದ್ದೇನೆ. ಉಗ್ಗಿಗೆ ಚಿಕಿತ್ಸೆ ಪಡೆಯಬೇಕೆಂದಿರುವ ವಯಸ್ಕರಿಗೆ ಈ ಬರಹದಲ್ಲಿ ವಿಳಾಸ ಸಿಗದಿದ್ದರೂ, ಯಾವುದೇ ಚಿಕಿತ್ಸಾಲಯದ ಕುರ್ಚಿಯಲ್ಲಿ ಕುಳಿತಾಗ ಎದುರಿನವರಲ್ಲಿ ಏನನ್ನು ಗಮನಿಸಬೇಕು ಎಂಬುದು ಸಿಕ್ಕೀತು.

ಮೊದಲು ಪದದ ವಿಚಾರ. ಮಗುವಿನ ಬಾಯಲ್ಲಾದರೆ ಇದು ತೊದಲು. ಕೇಳಿದವರೆಲ್ಲ ಮುದ್ದಿಸುತ್ತಾರೆ, ತೊದಲ್ನುಡಿಯೆಂದು ಕವಿತೆಯಲ್ಲೂ ಜಾಗ ಕೊಡುತ್ತಾರೆ. ಮೀಸೆ ಮೂಡಿದ ಮೇಲೆ ಅದು ಉಗ್ಗಾಗುತ್ತದೆ, ಅದಿರುವವನು ಉಗ್ಗನಾಗುತ್ತಾನೆ. ನಮ್ಮೂರ ಶಾಲೆಯಲ್ಲಿ ಹಾಜರಿ ಪುಸ್ತಕದಲ್ಲಿದ್ದ ಹೆಸರಿಗಿಂತ ಈ ಹೆಸರೇ ನನಗೆ ಹೆಚ್ಚು ಬಳಕೆಯಲ್ಲಿತ್ತು. ನಾಲಿಗೆ ದಪ್ಪವಾಗಿದೆಯೆಂದು ನಂಬಿದ್ದ ಅಜ್ಜಿ ದಿನಾ ಬೆಳಿಗ್ಗೆ ಬಜೆಯ ಬೇರನ್ನು ಜೇನುತುಪ್ಪದಲ್ಲಿ ತೇಯ್ದು ನಾಲಿಗೆಗೆ ಸವರುತ್ತಿದ್ದರು. ನಾಲಿಗೆಗೆ ಏನೂ ಆಗಿಲ್ಲ, ಮಾತಿಗೆ ಬೇಕಾದ ಚಲನೆಗಳನ್ನು ಮಿದುಳು ಹೊತ್ತಿಗೆ ಸರಿಯಾಗಿ ಹೊಂದಿಸುವ ಬಗೆಯಲ್ಲಿ ವ್ಯತ್ಯಾಸವಿದೆ, ಅನುವಂಶೀಯತೆಯ ಪಾಲೂ ಅದರಲ್ಲಿದೆ ಎಂಬುದನ್ನು 43ನೆಯ ವಯಸ್ಸಿನಲ್ಲಿ ಈ ಚಿಕಿತ್ಸಕಿಯ ಬಾಯಿಂದ ಕೇಳಿದಾಗ ನನಗೆ ಮೊದಲು ನೆನಪಾದದ್ದು ಬಜೆಯ ಆ ಘಾಟು. ಅಂದು ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: "ಸರ್, ನಿಮ್ಮ ಮಾತಿನ ವಿಷಯ ಬಂದಾಗ ನಾವು ಯಾವ ಪದ ಬಳಸೋಣ? ತೊದಲು, ಉಗ್ಗು, ಸ್ಟ್ಯಾಮರಿಂಗ್, ನಿಮಗೆ ಯಾವುದು ಸರಿ ಅನ್ಸುತ್ತೆ?" ನಾನು ಉಗ್ಗು ಎಂದೆ. ಬಾಲ್ಯದಲ್ಲಿ ಬೈಗುಳವಾಗಿದ್ದ ಪದವನ್ನು ನಾನಾಗಿಯೇ ಎತ್ತಿಕೊಳ್ಳಬೇಕೆಂಬ ಹಟ ಒಂದು ಕಾರಣವಾದರೆ, ಸ್ವರದಿಂದ ಆರಂಭವಾಗುವ ಪದ ನನಗೆ ಸಲೀಸಾಗಿ ಹೊರಡುತ್ತದೆ ಎಂಬುದು ಇನ್ನೊಂದು ಕಾರಣ.

ಹೋಲಿಕೆಗೆಂದು ಹಿಂದಿನ ಒಂದು ಅನುಭವವನ್ನೂ ಹೇಳಿಬಿಡುತ್ತೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ, 15 ದಿನಗಳಲ್ಲಿ ಉಗ್ಗು ಪೂರ್ತಿ ಹೋಗುತ್ತದೆಂಬ ಗ್ಯಾರಂಟಿಯ ಶಿಬಿರಕ್ಕೆ ಪೂರ್ತಿ ಹಣವನ್ನು ಮುಂಗಡವಾಗಿ ಕಟ್ಟಿ ಸೇರಿದ್ದೆ. ಅಲ್ಲಿ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳಿಸಿದರು. ಕೊನೆಯ ದಿನ ವೇದಿಕೆಯ ಮೇಲೆ ಒಮ್ಮೆಯೂ ಸಿಕ್ಕಿಕೊಳ್ಳದೆ ಮಾತಾಡಿದ ನನ್ನನ್ನು ವೀಡಿಯೋ ಮಾಡಿಕೊಂಡರು. ತಾಳಕ್ಕೆ ಮಾತಾಡಿದಾಗ, ಹಾಡಿದಾಗ, ನಾಲ್ಕು ಜನರೊಂದಿಗೆ ಒಟ್ಟಿಗೆ ಓದಿದಾಗ ಉಗ್ಗುವವರಲ್ಲಿ ಬಹುಮಂದಿಯ ಮಾತು ತಾತ್ಕಾಲಿಕವಾಗಿ ಹರಿಯುತ್ತದೆ ಎಂಬುದು ಈ ಕ್ಷೇತ್ರದವರಿಗೆಲ್ಲ ಗೊತ್ತಿರುವ ಸಂಗತಿ. ನಮಗೆ ಯಾರೂ ಹೇಳಲಿಲ್ಲ. ಮೂರು ವಾರಗಳಲ್ಲಿ ಎಲ್ಲವೂ ಮರಳಿತು. ಫೋನ್ ಮಾಡಿದರೆ, ನೀವು ಅಭ್ಯಾಸ ಬಿಟ್ಟಿದ್ದೀರಿ ಎಂಬ ಉತ್ತರ ಬಂತು. ಹಣ ಹೋದದ್ದಕ್ಕಿಂತ, ತಪ್ಪು ನನ್ನದೇ ಎಂದು ನಂಬಿ ಎರಡು ದಶಕ ಇನ್ನೊಬ್ಬ ಚಿಕಿತ್ಸಕರ ಬಾಗಿಲು ತಟ್ಟದೇ ಹೋದದ್ದು ನನಗಾದ ದೊಡ್ಡ ನಷ್ಟ.

ಆದ್ದರಿಂದ ಈ ಬಾರಿ ಮೊದಲು ನೋಡಿದ್ದು ಗೋಡೆಯ ಮೇಲಿನ ಚೌಕಟ್ಟುಗಳನ್ನು. ನಮ್ಮ ದೇಶದಲ್ಲಿ 1992ರ ಕಾಯ್ದೆಯಡಿ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತು ವಾಕ್ ಚಿಕಿತ್ಸಕರ ನೋಂದಣಿ ಮಾಡುತ್ತದೆ. ಈ ಚಿಕಿತ್ಸಕಿಯ ನೋಂದಣಿ ಸಂಖ್ಯೆ ಬಾಗಿಲಿನ ಪಕ್ಕದಲ್ಲೇ ಇತ್ತು. ಓದಿದ್ದು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. 1965ರಲ್ಲಿ ಆರಂಭವಾದ ಆ ಸಂಸ್ಥೆಯಿಂದಾಗಿ ಮೈಸೂರಿನವರಿಗೆ ಸ್ಪೀಚ್ ಥೆರಪಿ ಎಂಬ ಪದ ಬೇರೆ ಊರಿನವರಿಗಿಂತ ಬೇಗ ಪರಿಚಯವಾಯಿತು. ಅಷ್ಟು ಹತ್ತಿರದಲ್ಲಿದ್ದೂ ನಾನು ಹೋಗದೆ ಉಳಿದದ್ದಕ್ಕೆ ಮೇಲೆ ಹೇಳಿದ ಶಿಬಿರವೇ ಕಾರಣ.

ನೋಂದಣಿ ಫಲಕದಿಂದ ತಿಳಿಯದ ಒಂದು ಅರ್ಹತೆ ಮೊದಲ ಭೇಟಿಯ ಐದನೆಯ ನಿಮಿಷದಲ್ಲಿ ತಿಳಿಯಿತು. ನನ್ನ ಹೆಸರು ಪಕಾರದಿಂದ ಆರಂಭವಾಗುತ್ತದೆ. ಎರಡು ತುಟಿಗಳು ಕೂಡಿ ಬಿಡಬೇಕಾದ ಈ ಅಕ್ಷರದಲ್ಲಿ ನನ್ನ ತುಟಿಗಳು ಕೂಡುತ್ತವೆ, ಬಿಡುವುದಿಲ್ಲ. ಬೇರೆ ಪದಗಳಿಗಾದರೆ ಬದಲಿ ಹುಡುಕಬಹುದು, ಹೆಸರಿಗೆ ಬದಲಿಯಿಲ್ಲ. ಅವರು ಹೆಸರು ಕೇಳಿದರು. ನನಗೆ ಬ್ಲಾಕ್ ಬಂತು, ಎಂದರೆ ಮಾತು ಸಿಕ್ಕಿಕೊಂಡು ನಿಂತುಬಿಟ್ಟಿತು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಎದುರಿನವರು ಮೂರರಲ್ಲಿ ಒಂದನ್ನು ಮಾಡುತ್ತಾರೆ: ತಲೆಯಾಡಿಸಿ ಬೇಗ ಬೇಗ ಎಂಬಂತೆ ಹುರಿದುಂಬಿಸುತ್ತಾರೆ, ಮುಖ ತಿರುಗಿಸಿ ಕಾಗದ ನೋಡುತ್ತಾರೆ, ಇಲ್ಲವೇ ಪ್ರಕಾಶಾನಾ, ಪರಮೇಶಾನಾ ಎಂದು ಊಹಿಸುತ್ತಾರೆ. ಅವರ ಕೈಯಲ್ಲಿ ಪೆನ್ನಿತ್ತು, ಮುಂದೆ ಅರ್ಜಿಯಿತ್ತು, ಅದರಲ್ಲಿ ನನ್ನ ಹೆಸರು ಆಗಲೇ ಬರೆದಿತ್ತು. ಅವರು ಪೆನ್ನನ್ನು ಮೇಜಿನ ಮೇಲಿಟ್ಟರು, ನನ್ನ ತುಟಿಗಳನ್ನಲ್ಲ, ಕಣ್ಣುಗಳನ್ನು ನೋಡಿದರು, ಸುಮ್ಮನಿದ್ದರು. ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಹೆಸರು ಹೊರಬಂದ ಮೇಲೆ ಮುಂದಿನ ಪ್ರಶ್ನೆಯನ್ನು ಅದೇ ದನಿಯಲ್ಲಿ ಕೇಳಿದರು. ಏನೋ ಕಷ್ಟದ ಘಟ್ಟ ದಾಟಿದೆವೆಂಬ ನಿಟ್ಟುಸಿರು ಅವರ ಕಡೆಯಿಂದ ಬರಲಿಲ್ಲ. 700 ರೂಪಾಯಿ ಯಾತಕ್ಕೆಂದು ಮನೆಯಲ್ಲಿ ಕೇಳಿದಾಗ, ಆ ಸುಮ್ಮನಿರುವಿಕೆಗೆ ಎಂದು ನಾನು ಹೇಳಿದ್ದು ತಮಾಷೆಗಲ್ಲ.

ಪರೀಕ್ಷೆಯ ವಿವರ ಬಹಳ ಬೇಡ. ಒಂದು ಕನ್ನಡ ಗದ್ಯಭಾಗವನ್ನು ಓದಿಸಿದರು, ಹತ್ತು ನಿಮಿಷ ಮಾತಾಡಿಸಿದರು, ಧ್ವನಿಮುದ್ರಿಸಿಕೊಂಡು ನೂರು ಅಕ್ಷರಗಳಿಗೆ ಎಷ್ಟು ಕಡೆ ಸಿಕ್ಕಿಕೊಂಡೆ, ಅತಿ ದೀರ್ಘವಾದವು ಎಷ್ಟು ಕ್ಷಣ ಇದ್ದವು, ಆಗ ಕಣ್ಣು ಮುಚ್ಚುತ್ತೇನೆಯೇ, ಕತ್ತು ಸೆಳೆಯುತ್ತೇನೆಯೇ ಎಂದು ಲೆಕ್ಕ ಹಾಕಿದರು. ಅಂಕ ಮಧ್ಯಮ ಮಟ್ಟದ್ದೆಂದು ಬಂತು. ಆದರೆ ಅವರು ಅಲ್ಲಿಗೇ ನಿಲ್ಲಿಸದೆ, "ಈಗ ಹೇಳದೆ ಬಿಟ್ಟ ಪದಗಳು ಎಷ್ಟು?" ಎಂದು ಕೇಳಿದಾಗ ನನ್ನ ಕಳ್ಳತನ ಸಿಕ್ಕಿಬಿದ್ದಂತಾಯಿತು.

ಕನ್ನಡದಲ್ಲಿ ಉಗ್ಗನ್ನು ಮರೆಮಾಚುವುದು ಎಷ್ಟು ಸುಲಭವೆಂದು ಉಗ್ಗದವರಿಗೆ ಗೊತ್ತಿರಲಾರದು. ನಮ್ಮ ವಾಕ್ಯದಲ್ಲಿ ಪದಗಳನ್ನು ಹಿಂದುಮುಂದು ಮಾಡಿದರೂ ಅರ್ಥ ಕೆಡುವುದಿಲ್ಲವಾದ್ದರಿಂದ, "ಮಂಜು ನಾಳೆ ಬರ್ತಾನೆ" ಎನ್ನಲಾಗದವನು "ನಾಳೆ ಬರ್ತಾನೆ ಮಂಜು" ಎಂದು ತಪ್ಪಿಸಿಕೊಳ್ಳಬಹುದು. ಓಟದಲ್ಲಿರುವ ಮಾತಿನ ಬಾಲಕ್ಕೆ ಕಟ್ಟಿದರೆ ಕಷ್ಟದ ಪದವೂ ಎಷ್ಟೋ ಸಲ ಎಳೆದುಕೊಂಡು ಬರುತ್ತದೆ. ಅದೂ ಆಗದಿದ್ದರೆ ಇಂಗ್ಲಿಷ್ ಇದೆ. ನಾನು ಜೀವಮಾನದಲ್ಲಿ ಬುಧವಾರವೆಂದು ಹೇಳಿದ್ದು ಕಡಿಮೆ, ಸದಾ ವೆನ್ಸ್‌ಡೇ. ಸಿಟಿ ಬಸ್ಸಿನಲ್ಲಿ ಪಡುವಾರಹಳ್ಳಿಗೆ ಟಿಕೆಟ್ ಕೇಳಲಾಗದೆ ಮುಂದಿನ ನಿಲ್ದಾಣದ ಟಿಕೆಟ್ ಪಡೆದು, ಇಳಿದು ಹಿಂದಕ್ಕೆ ನಡೆದ ದಿನಗಳೆಷ್ಟೋ. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ನಾನು ಕಚೇರಿಯಲ್ಲಿ ಮಿತಭಾಷಿಯೆಂದು ಹೆಸರಾಗಿದ್ದೇನೆ. ಇದನ್ನೆಲ್ಲ ಹೆಂಡತಿಗೂ ಹೇಳಿರಲಿಲ್ಲ. ಎರಡನೆಯ ಭೇಟಿಯಲ್ಲಿ ಈ ಅಪರಿಚಿತರ ಮುಂದೆ ಹೇಳಿದೆ, ಅವರು ಒಂದು ಪಟ್ಟಿ ಮಾಡಿಕೊಂಡರು. ಮುಂದಿನ ಎಂಟು ತಿಂಗಳ ಪಠ್ಯಕ್ರಮ ಆ ಪಟ್ಟಿಯೇ ಆಯಿತು.

ಗುರಿ ನಿಶ್ಚಯಿಸಿದ ರೀತಿಯನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ಚಿಕಿತ್ಸಕ ಮತ್ತು ಚಿಕಿತ್ಸೆ ಪಡೆಯುವವರ ನಡುವಿನ ಒಪ್ಪಂದದಲ್ಲಿ ಮೂರು ಅಂಶಗಳಿರುತ್ತವೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಬರೆದಿದ್ದರು: ಗುರಿಯ ಬಗೆಗಿನ ಸಹಮತ, ಮಾಡಬೇಕಾದ ಕೆಲಸದ ಬಗೆಗಿನ ಸಹಮತ, ಇಬ್ಬರ ನಡುವಿನ ನಂಟು. ಅವರು ಬರೆದದ್ದು ಮನೋಚಿಕಿತ್ಸೆಯನ್ನು ಕುರಿತಾದರೂ ಉಗ್ಗಿನ ಚಿಕಿತ್ಸೆಯವರು ಅದನ್ನು ತಮ್ಮದಾಗಿಸಿಕೊಂಡಿದ್ದಾರೆ. ನನ್ನ ಗುರಿ ಏನೆಂದು ಕೇಳಿದಾಗ ನಾನು, ಎಲ್ಲರ ಹಾಗೆ ಮಾತಾಡಬೇಕು ಎಂದೆ. "ಎಲ್ಲರ ಹಾಗೆ ಮಾತಾಡಿದ್ರೆ ಮೊದಲು ಯಾರ ಹತ್ರ ಏನು ಮಾತಾಡ್ತೀರಿ ಸರ್?" ಎಂದರು. ಉತ್ತರ ನನ್ನ ಪಕ್ಕದಲ್ಲೇ ಕುಳಿತಿತ್ತು. ನಾಲ್ಕನೆಯ ತರಗತಿಯ ನನ್ನ ಮಗಳನ್ನು ಅಂದು ಬಿಟ್ಟು ಬರಲು ಯಾರೂ ಇಲ್ಲದೆ ಜೊತೆಗೆ ಕರೆತಂದಿದ್ದೆ. ಅಂಗಡಿಯಲ್ಲಿ, ಆಟೋದವರ ಬಳಿ, ನನ್ನ ತುಟಿ ಕೂಡಿದ ತಕ್ಷಣ ಪದವನ್ನು ತಾನೇ ಹೇಳಿಬಿಡುವ ಅಭ್ಯಾಸ ಅವಳಿಗಾಗಿತ್ತು. ಅಲ್ಲಿಯೂ ಹಾಗೇ ಹೇಳಿದಳು. ಚಿಕಿತ್ಸಕಿ ಅವಳನ್ನು ಗದರಲಿಲ್ಲ, ನನ್ನ ಉತ್ತರವೆಂದು ಅದನ್ನು ಬರೆದುಕೊಳ್ಳಲೂ ಇಲ್ಲ. ನನ್ನನ್ನೇ ನೋಡುತ್ತ ಕಾದರು. ಅಂಗಡಿಯಲ್ಲಿ ಮಗಳ ಮುಂದೆ ನನ್ನ ಮಾತನ್ನು ನಾನೇ ಮುಗಿಸಬೇಕು, ಉಗ್ಗಿದರೂ ಸರಿ ಎಂದು ಕೊನೆಗೆ ಹೇಳಿದೆ. ಆ ವಾಕ್ಯವನ್ನು ಯಥಾವತ್ತಾಗಿ ಕಡತದಲ್ಲಿ ಬರೆದರು.

ವಿಧಾನಗಳ ಬಗ್ಗೆ ಬೇಕಾದಷ್ಟು ಮಾಹಿತಿ ಎಲ್ಲೆಡೆ ಸಿಗುವುದರಿಂದ ಬೇಗ ಮುಗಿಸುತ್ತೇನೆ. ಮಾತನ್ನು ಮೃದುವಾಗಿ ಆರಂಭಿಸಿ ಸ್ವರಗಳನ್ನು ಎಳೆಯುವುದು ಒಂದು ಬಗೆ. ಸಿಕ್ಕಿಕೊಂಡ ಪದ ಮುಗಿದ ಮೇಲೆ ನಿಂತು, ಬಿಗಿ ಸಡಿಲಿಸಿ, ಅದೇ ಪದವನ್ನು ಮತ್ತೆ ಹೇಳುವುದು, ಆಮೇಲಾಮೇಲೆ ಸಿಕ್ಕಿಕೊಂಡಿರುವಾಗಲೇ ಸಡಿಲಿಸಿಕೊಂಡು ಹೊರಬರುವುದು ಇನ್ನೊಂದು ಬಗೆ. ಇದು ಸ್ವತಃ ಉಗ್ಗುತ್ತಿದ್ದ ಅಮೆರಿಕದ ಚಿಕಿತ್ಸಕ ಚಾರ್ಲ್ಸ್ ವ್ಯಾನ್ ರೈಪರ್ ರೂಪಿಸಿದ ದಾರಿ. ನನಗೆ ಎಳೆದು ಮಾತಾಡುವುದು ಹರಿಕಥೆಯ ಅಣಕದಂತೆ ಕೇಳಿಸಿತು. ಹಾಗೆಂದಾಗ ಅವರು ವಾದಿಸದೆ ಎರಡನೆಯದನ್ನೇ ಮುಖ್ಯವಾಗಿಸಿದರು.

ಮೂರನೆಯದು ಬೇಕೆಂದೇ ಉಗ್ಗುವುದು. ಇದರ ಹೆಸರು ಕೇಳಿದಾಗ ಎದ್ದು ಬರಬೇಕೆನಿಸಿತ್ತು. ಅವರು, "ಮೊದಲು ನಾನು ಮಾಡ್ತೀನಿ, ನೀವು ಪಕ್ಕದಲ್ಲಿ ನಿಂತಿರಿ ಸಾಕು" ಎಂದು ಒಂದು ಸಂಜೆ ದೇವರಾಜ ಮಾರುಕಟ್ಟೆಗೆ ಬರಹೇಳಿದರು. ಹೂವಿನ ಸಾಲಿನಲ್ಲಿ ಒಬ್ಬ ಹೆಂಗಸಿನ ಮುಂದೆ ನಿಂತು ಈ ಚಿಕಿತ್ಸಕಿ, ನಿರರ್ಗಳವಾಗಿ ಮಾತಾಡುವ ಮೂವತ್ತರ ಹರೆಯದ ಹೆಣ್ಣುಮಗಳು, "ಮ, ಮ, ಮ, ಮಲ್ಲಿಗೆ ಎಷ್ಟು?" ಎಂದು ಕೇಳಿದರು. ಹೂವಿನವರು ಅಯ್ಯೋ ಪಾಪ ಎಂಬಂತೆ ನೋಡಿ ಬೆಲೆ ಹೇಳಿದರು. ಚಿಕಿತ್ಸಕಿಯ ಕಿವಿ ಕೆಂಪಾಗಿತ್ತು. ನನ್ನ ಸರದಿ ಬಂದಾಗ ನಾನು ನಟಿಸಬೇಕಾಗಿಯೇ ಬರಲಿಲ್ಲ. ಕನಕಾಂಬರದ ಕಕಾರದಲ್ಲಿ ನಿಜವಾಗಿಯೇ ನಿಂತೆ. ಹೂವಿನವರು ನಮ್ಮಿಬ್ಬರನ್ನೂ ದಿಟ್ಟಿಸಿ, "ಏನಪ್ಪಾ, ಇಬ್ರೂ ಹಿಂಗೇನಾ, ಇಲ್ಲ ನನ್ನ ಆಡ್ಕೋತಿದ್ದೀರಾ?" ಎಂದರು. ಚಿಕಿತ್ಸಕಿ ವಿಷಯ ವಿವರಿಸಿದ ಮೇಲೆ ಅವರು ನಕ್ಕು, ಮೊಳಕ್ಕೆ ಒಂದು ಗೇಣು ಜಾಸ್ತಿಯೇ ಅಳೆದರು. ಉಗ್ಗಿದ ಸನ್ನಿವೇಶವೊಂದರಲ್ಲಿ ನಾನು ನಕ್ಕದ್ದು ಅದೇ ಮೊದಲು. ನಾಚಿಕೆಯ ಪಾಲನ್ನು ಇನ್ನೊಬ್ಬರು ಹೊತ್ತುಕೊಂಡದ್ದೂ ಅದೇ ಮೊದಲು.

ಇಷ್ಟು ಹೊಗಳಿದ ಮೇಲೆ, ಸಂಬಂಧ ಕೆಟ್ಟ ಪ್ರಸಂಗವನ್ನೂ ಹೇಳಬೇಕು. ಒಂಬತ್ತನೆಯ ಸೆಷನ್ನಿನ ಕೊನೆಯಲ್ಲಿ ಅವರು, "ಇವತ್ತು ಒಂದೂ ಬ್ಲಾಕ್ ಇಲ್ಲ ಸರ್, ತುಂಬಾ ಚೆನ್ನಾಗಿ ಮಾತಾಡಿದ್ರಿ" ಎಂದು ಮನಸಾರೆ ಹೇಳಿದರು. ನಾನು ಪರೀಕ್ಷೆ ಪಾಸಾದ ಹುಡುಗನಂತೆ ಉಬ್ಬಿಹೋದೆ. ಮುಂದಿನ ವಾರದಿಂದ, ನನಗೇ ಪೂರ್ತಿ ತಿಳಿಯದಂತೆ, ಆ ಮಾತನ್ನು ಮತ್ತೆ ಗಳಿಸಲು ದುಡಿಯತೊಡಗಿದೆ. ಮೆಟ್ಟಿಲು ಹತ್ತುವಾಗಲೇ ಅಂದು ಹೇಳಬೇಕಾದ ಸಂಗತಿಗಳನ್ನು ಆರಿಸಿ, ಪಕಾರ ಬಕಾರಗಳನ್ನು ಸೋಸಿ, ವಾಕ್ಯಗಳನ್ನು ಜೋಡಿಸಿಕೊಂಡು ಒಳಗೆ ಹೋಗುತ್ತಿದ್ದೆ. ಪ್ರತಿ ಸೆಷನ್ನಿನಲ್ಲಿ ಎಷ್ಟು ಸಿಕ್ಕಿಕೊಂಡೆನೆಂದು ಗುರುತಿಸುವ ಅವರ ನಕ್ಷೆಯಲ್ಲಿ ಚುಕ್ಕೆಗಳು ವಾರದಿಂದ ವಾರಕ್ಕೆ ಕೆಳಗಿಳಿದವು, ಕಚೇರಿಯಲ್ಲಿ ಉಗ್ಗು ಮೊದಲಿಗಿಂತ ಬಿಗಿಯಾಯಿತು. ಮರೆಮಾಚುವುದನ್ನು ಬಿಡಲೆಂದು ಹೋದ ಜಾಗದಲ್ಲಿಯೇ ದುಡ್ಡು ಕೊಟ್ಟು ಮರೆಮಾಚುತ್ತಿದ್ದೆ. ಒಂದು ದಿನ ಮಗಳು, "ಅಪ್ಪ, ಆಂಟಿ ಹತ್ರ ಮಾತಾಡೋ ಥರ ಮನೇಲಿ ಯಾಕೆ ಮಾತಾಡಲ್ಲ?" ಎಂದು ಕೇಳಿದಳು.

ಹದಿನೈದನೆಯ ಭೇಟಿಯಲ್ಲಿ ಬಹಳ ಉಗ್ಗುತ್ತ ಒಪ್ಪಿಕೊಂಡೆ. ನನ್ನ ಅನುಭವದಲ್ಲಿ ಚಿಕಿತ್ಸಾಲಯವೊಂದರ ನಿಜವಾದ ಬೆಲೆ ಇಂಥ ಗಳಿಗೆಯಲ್ಲಿ ತಿಳಿಯುತ್ತದೆ. ಹಿಂದಿನ ಶಿಬಿರದವರಾಗಿದ್ದರೆ, ಮೋಸ ಮಾಡಿದ್ದು ನೀವು, ನಷ್ಟ ನಿಮ್ಮದೇ ಎನ್ನುತ್ತಿದ್ದರು. ಇವರು ಧ್ವನಿಮುದ್ರಣ ಯಂತ್ರವನ್ನು ಆರಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ತಪ್ಪು ನನ್ನದು ಸರ್. ಉಗ್ಗದೆ ಇದ್ದಿದ್ದಕ್ಕೆ ಹೊಗಳಿದೆ. ಉಗ್ಗಿದ್ರೆ ನನಗೆ ಬೇಜಾರಾಗುತ್ತೆ ಅಂತ ಹೇಳಿದ ಹಾಗಾಯ್ತು ಅದು." ಆಮೇಲೆ ನಕ್ಷೆಯನ್ನು ತೆಗೆದು, ಕೊನೆಯ ಐದು ಚುಕ್ಕೆಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ "ಲೆಕ್ಕಕ್ಕಿಲ್ಲ" ಎಂದು ಬರೆದು ಸಹಿ ಹಾಕಿದರು. ತಪ್ಪು ನಮೂದನ್ನು ಉಜ್ಜಿ ಅಳಿಸದೆ, ಕಾಣುವಂತೆಯೇ ಬಿಟ್ಟು, ಗೆರೆಯೆಳೆದು ಸಹಿ ಮಾಡುವ ಕ್ರಮ ಲೆಕ್ಕ ಬರೆಯುವವನಾದ ನನಗೆ ಚೆನ್ನಾಗಿ ಗೊತ್ತು. ಅವರ ಮೇಲಿನ ನನ್ನ ನಂಬಿಕೆ ಮಾರುಕಟ್ಟೆಯ ಸಂಜೆಗಿಂತ ಹೆಚ್ಚಾಗಿ ಅಂದು ಗಟ್ಟಿಯಾಯಿತು. ಅಂದಿನಿಂದ ಅವರು ಕೇಳುವ ಪ್ರಶ್ನೆ ಬದಲಾಗಿದೆ: ಈ ವಾರ ಯಾವ ಪದವನ್ನು ಬದಲಿಸದೆ ಹೇಳಿದಿರಿ?

ಚಿಕಿತ್ಸಕರ ಒಂದು ಮಾತು ಎಷ್ಟು ಭಾರವಾಗಬಲ್ಲದೆಂಬುದಕ್ಕೆ ಈ ಕ್ಷೇತ್ರದ ಚರಿತ್ರೆಯಲ್ಲೇ ಒಂದು ಕಹಿ ಉದಾಹರಣೆಯಿದೆ. 1939ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಅವರ ಮಾರ್ಗದರ್ಶನದಲ್ಲಿ ಅನಾಥಾಲಯದ 22 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಅವರಲ್ಲಿ ಸರಿಯಾಗಿಯೇ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ, ನಿಮ್ಮ ಮಾತಿನಲ್ಲಿ ದೋಷವಿದೆಯೆಂದು ತಿಂಗಳುಗಟ್ಟಲೆ ಹೇಳಲಾಯಿತು. ಆ ಮಕ್ಕಳಲ್ಲಿ ಹಲವರು ಮಾತಾಡಲು ಹಿಂಜರಿಯುವವರಾದರು. ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. ಜಾನ್ಸನ್ ಸ್ವತಃ ಉಗ್ಗುತ್ತಿದ್ದವರು ಎಂಬುದನ್ನು ಓದಿದಾಗ ನನಗೆ ಹೆಚ್ಚು ನೋವಾಯಿತು. ಅದೇ ದೋಣಿಯಲ್ಲಿರುವವರೆಲ್ಲ ನಮ್ಮನ್ನು ಕಾಪಾಡುತ್ತಾರೆಂಬ ಭರವಸೆಯಿಲ್ಲ.

ಇನ್ನು ಕೊರತೆಗಳು. ಚಿಕಿತ್ಸಾಲಯದ ಮೊದಲ ಭೇಟಿಗೆ ಫೋನಿನಲ್ಲೇ ಸಮಯ ಕೇಳಬೇಕೆಂಬ ನಿಯಮವಿತ್ತು. ಉಗ್ಗುವವನಿಗೆ ಫೋನಿಗಿಂತ ದೊಡ್ಡ ಶತ್ರುವಿಲ್ಲ. ಕಣ್ಣ ಮುಂದಿಲ್ಲದವರು ಮೌನವನ್ನು ಲೈನ್ ಕಡಿದುಹೋಯಿತೆಂದು ತಿಳಿದು ಇಟ್ಟುಬಿಡುತ್ತಾರೆ. ನಾನು ಹೆಂಡತಿಯಿಂದ ಫೋನ್ ಮಾಡಿಸಿದ್ದೆ. ಇದನ್ನು ಹೇಳಿದ ಮೇಲೆ ಈಗ ವಾಟ್ಸಾಪ್ ಸಂದೇಶವನ್ನೂ ಒಪ್ಪುತ್ತಾರೆ, ಆದರೆ ಫಲಕದಲ್ಲಿ ಹಳೆಯ ಸಾಲು ಹಾಗೆಯೇ ಇದೆ. ಕೋಣೆಗಳ ನಡುವಿನ ಪ್ಲೈವುಡ್ ತೆಳುವಾಗಿರುವುದರಿಂದ ಒಳಗಿನ ಮಾತು ಹೊರಗೆ ಕುಳಿತವರಿಗೆ ಕೇಳಿಸುತ್ತದೆ. ಗುಟ್ಟು ಬಿಚ್ಚಿಡಬೇಕಾದ ಜಾಗದಲ್ಲಿ ಇದು ಸಣ್ಣ ದೋಷವಲ್ಲ. ವರದಿಯನ್ನು ಇಂಗ್ಲಿಷಿನಲ್ಲಿ ಮಾತ್ರ ಕೊಡುತ್ತಾರೆ. ಮಳೆಗಾಲದಲ್ಲಿ ನಡೆಸಿದ ಎರಡು ಆನ್‌ಲೈನ್ ಸೆಷನ್ನುಗಳು ವ್ಯರ್ಥ. ನೆಟ್‌ವರ್ಕ್ ನಿಂತಿತೋ ನಾನು ನಿಂತೆನೋ ಎಂದು ಇಬ್ಬರಿಗೂ ತಿಳಿಯಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರೇ ನಡೆಸುವ ಚಿಕಿತ್ಸಾಲಯವಾದ್ದರಿಂದ ಅವರು ರಜೆ ಹೋದ ತಿಂಗಳು ನನಗೆ ಬೇರೆ ಆಸರೆಯಿರಲಿಲ್ಲ.

ವಾರಕ್ಕೆ 700 ರೂಪಾಯಿ ಎಲ್ಲರಿಗೂ ಹೊಂದುವುದಿಲ್ಲ. ಮೈಸೂರಿನವರಿಗೆ ಮಾನಸಗಂಗೋತ್ರಿಯ ಸಂಸ್ಥೆ ಇದೆ. ಅಲ್ಲಿ ತರಬೇತಿಯಲ್ಲಿರುವ ವಿದ್ಯಾರ್ಥಿಗಳೂ ಹಿರಿಯರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನೀಡುತ್ತಾರೆ. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಚಿಕ್ಕ ಮಕ್ಕಳ ವಿಷಯ ಬೇರೆ. ಮಕ್ಕಳಲ್ಲಿ ನೂರಕ್ಕೆ ಸುಮಾರು ಐವರು ಯಾವುದೋ ಹಂತದಲ್ಲಿ ಉಗ್ಗುತ್ತಾರೆ, ಅವರಲ್ಲಿ ಬಹುಪಾಲು ಮಕ್ಕಳಿಗೆ ಅದು ಹೋಗುತ್ತದೆ, ದೊಡ್ಡವರಲ್ಲಿ ಉಳಿಯುವುದು ನೂರಕ್ಕೆ ಒಬ್ಬರಲ್ಲಿ. ಹಾಗೆಂದು ತಾನಾಗಿ ಹೋಗಲಿ ಎಂದು ಕಾಯುತ್ತ ಕೂರುವುದಕ್ಕಿಂತ ಒಮ್ಮೆ ತೋರಿಸುವುದು ಲೇಸು. ಪುಟ್ಟ ಮಕ್ಕಳಿಗೆ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಲಿಡ್‌ಕಂಬ್ ಎಂಬ ಕ್ರಮದಲ್ಲಿ ಮನೆಯಲ್ಲಿ ಚಿಕಿತ್ಸೆ ನೀಡುವವರು ತಂದೆತಾಯಿಯೇ, ಅವರನ್ನು ತಯಾರು ಮಾಡುವುದು ಚಿಕಿತ್ಸಕರ ಕೆಲಸ. ನಾನು ಹೋಗುವ ಶನಿವಾರಗಳಲ್ಲಿ ಹೊರಗಿನ ಬೆಂಚಿನ ಮೇಲೆ ಅಂಥ ಒಬ್ಬ ತಾಯಿ ಕೂತಿರುತ್ತಾರೆ.

ಇಷ್ಟಾಗಿ ಉಗ್ಗು ಹೋಯಿತೇ ಎಂದು ಕೇಳಿದರೆ, ಇಲ್ಲ. ಹೋಗುತ್ತದೆಂದು ಅವರು ಒಮ್ಮೆಯೂ ಹೇಳಿರಲಿಲ್ಲ. ಅಂಕದ ಲೆಕ್ಕದಲ್ಲಿ ಮಧ್ಯಮದಿಂದ ಸೌಮ್ಯಕ್ಕೆ ಇಳಿದಿದ್ದೇನೆ. ಪಡುವಾರಹಳ್ಳಿಯ ಟಿಕೆಟ್ಟನ್ನು ಪಡುವಾರಹಳ್ಳಿಗೇ ತೆಗೆದುಕೊಳ್ಳುತ್ತೇನೆ, ಕಂಡಕ್ಟರ್ ಕೆಲವೊಮ್ಮೆ ಕಾಯಬೇಕಾಗುತ್ತದೆ. ಮಗಳು ಅಂಗಡಿಯಲ್ಲಿ ನನ್ನ ಪದಗಳನ್ನು ಹೇಳುವುದನ್ನು ಬಿಟ್ಟು, ಚಾಕೊಲೇಟಿನ ಡಬ್ಬದ ಕಡೆ ಗಮನ ಕೊಡುತ್ತಿದ್ದಾಳೆ. ಈಗ ಭೇಟಿಗಳು ತಿಂಗಳಿಗೊಮ್ಮೆ. ಮುಂದಿನ ಶನಿವಾರ ಅವರಿಗೆ ಕೇಳಿಸಲೆಂದು ನಮ್ಮ ಸಂಘದ ಸಭೆಯಲ್ಲಿ ನಾನು ಲೆಕ್ಕಪತ್ರ ಓದಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದೇನೆ. ಹನ್ನೊಂದು ನಿಮಿಷದ ಆ ಮುದ್ರಿಕೆಯಲ್ಲಿ ಏಳು ಕಡೆ ಸಿಕ್ಕಿಕೊಂಡಿದ್ದೇನೆ, ಒಂದು ಕಡೆ ಬಾಕಿ ಎನ್ನುವ ಬದಲು ಉಳಿಕೆ ಎಂದಿದ್ದೇನೆ.